ಗಬ್ಬದ ಹಸುವಿನ ದಾರಿ

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಸಹವಾಸ ಬಿಟ್ಟು, ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದ ಹಿರಿಯಣ್ಣನ ಹಾಗೆ ದೂರ ನಿಂತಿತ್ತು. ಅವರು ನಿಂತಲ್ಲಿ ಅದೊಂದು ಮಾತ್ರ ಸುಮ್ಮನಿರುತ್ತಿರಲಿಲ್ಲ. ಮಣ್ಣನ್ನು ಒತ್ತಿ ನೋಡುತ್ತಿತ್ತು, ಸಡಿಲವಾದ ಕಲ್ಲನ್ನು ಆಚೆ ತಳ್ಳುತ್ತಿತ್ತು. ಅರಣ್ಯ ಇಲಾಖೆಯವರು ಕೊಟ್ಟ ಬೂಟುಗಳು ಅವರ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದವು. ದೊಡ್ಡ ಸಾಹೇಬರು ಬರುವ ದಿನ ಅವನ್ನು ಲೇಸಿನಿಂದ ಜೋಡಿಸಿ ಕಟ್ಟಿ, ಹೆಗಲ ಮೇಲೆ ಹಾಕಿಕೊಂಡು, ಬರಿಗಾಲಲ್ಲೇ ಹೋಗಿ ಸಲಾಮು ಹೊಡೆಯುತ್ತಿದ್ದರು. ಕೇಳಿದರೆ, “ಬೂಟ್ ಆಕ್ಕಂಡ್ರೆ ನೆಲ ಏನೇಳ್ತದೆ ಅಂತ ಕೇಳ್ಸಕಿಲ್ಲ ಸಾ” ಅನ್ನುತ್ತಿದ್ದರು. ಆ ಸಾಹೇಬರಿಗೆ ಏನನ್ನಿಸುತ್ತಿತ್ತೋ ಗೊತ್ತಿಲ್ಲ. ನನಗೆ ಮಾತ್ರ ಬಹಳ ದಿನ ಈ ಮನುಷ್ಯ ಸ್ವಲ್ಪ ನಾಟಕ ಆಡುತ್ತಾನೆ ಅಂತಲೇ ಅನ್ನಿಸಿತ್ತು.

ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ವಾಚರಣ್ಣ ಅಂತ. ಪಾಂಡವಪುರದಿಂದ ಕೆ.ಆರ್.ಪೇಟೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿಕೊಂಡರೆ ನಮ್ಮೂರು. ಊರಿನ ಬೆನ್ನಿಗೆ ಬೆಟ್ಟ. ಬುಡದಿಂದ ತುದಿಯವರೆಗೂ ಸರ್ಕಾರಿ ಕಾಡು. ಕಾಡೆಂದರೆ ಮುಗಿಲು ಮುಟ್ಟುವ ಮರಗಳೇನಲ್ಲ. ಜಾಲಿ, ಕಾರೆ, ಲಂಟಾನ, ನಡುನಡುವೆ ಆನೆ ಗಾತ್ರದ ಬಂಡೆಗಳು. ನವಿಲಿಗೆ ಬರವಿಲ್ಲ, ಚಿರತೆಯೂ ಇದೆ. ಈ ಬೆಟ್ಟಕ್ಕೆ ಕಾವಲಿದ್ದವರು ವಾಚರಣ್ಣ. ಅದಕ್ಕೂ ಮೊದಲು ಚಿಕ್ಕಂದಿನಿಂದ ಇದೇ ಬೆಟ್ಟದಲ್ಲಿ ದನ ಮೇಯಿಸಿಕೊಂಡಿದ್ದವರು.

ತುದಿಯಲ್ಲಿ ಬೆಟ್ಟದಮ್ಮನ ಗುಡಿ. ಅಲ್ಲಿ ನಿಂತರೆ ದಕ್ಷಿಣಕ್ಕೆ ಕೆ.ಆರ್.ಎಸ್. ಹಿನ್ನೀರು ಹೊಳೆಯುತ್ತದೆ, ಬೆಳಗಿನ ಹೊತ್ತು ನೋಡಲು ಎರಡು ಕಣ್ಣು ಸಾಲದು ಎಂದು ಊರಿನವರು ಹೇಳುತ್ತಿದ್ದರು. ನನಗೆ ಅದು ಬರೀ ಕೇಳಿದ ಸುದ್ದಿ. ಮೂರು ವರ್ಷದವಳಿದ್ದಾಗ ಜ್ವರ ಬಂದು ನನ್ನ ಬಲಗಾಲು ಸೋತುಹೋಯಿತು. ಪೋಲಿಯೊ. ತೊಡೆಯಿಂದ ಹಿಮ್ಮಡಿಯವರೆಗೆ ಕ್ಯಾಲಿಪರು ಎಂಬ ಕಬ್ಬಿಣದ ಕಟ್ಟು, ಎಡಗೈಯಲ್ಲಿ ಕೋಲು. ನೆಲ ಸಮನಾಗಿದ್ದರೆ ಎಷ್ಟು ದೂರವಾದರೂ ನಡೆದೇನು. ಏರು ಅಂದರೆ ನನಗೆ ಆಗದು ಎಂದು ಊರೂ ತೀರ್ಮಾನಿಸಿತ್ತು, ನಾನೂ ತೀರ್ಮಾನಿಸಿದ್ದೆ.

ತೀರ್ಮಾನಿಸದೆ ಉಳಿದವಳು ನಮ್ಮವ್ವ ಒಬ್ಬಳೇ. ಅವಳ ಕಷ್ಟವೇ ಬೇರೆ. ನನಗೆ ಜ್ವರ ನೆತ್ತಿಗೇರಿದ ದಿನ ಅವಳು ಬೆಟ್ಟದ ಕಡೆ ತಿರುಗಿ ಕೈಮುಗಿದು, ಮಗಳನ್ನು ಉಳಿಸಿಕೊಡು, ಅವಳ ಕಾಲಿನಲ್ಲೇ ನಡೆಸಿಕೊಂಡು ಬಂದು ನಿನಗೆ ಮಡಿಲಕ್ಕಿ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಿದ್ದಳು. ಅಮ್ಮ ಮಗಳನ್ನು ಉಳಿಸಿಕೊಟ್ಟಳು, ಕಾಲನ್ನು ಇಟ್ಟುಕೊಂಡಳು. ಹರಕೆ ಹಾಗೇ ಉಳಿಯಿತು. ನಮ್ಮ ಕಡೆ ಹರಕೆ ಅಂದರೆ ಆಡಿದ ಮಾತು ಅಕ್ಷರಕ್ಕೆ ಅಕ್ಷರ ಸಲ್ಲಬೇಕು. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತೇವೆ ಎಂದು ಸೋದರಮಾವಂದಿರು ಎಷ್ಟೋ ಸಲ ಬಂದರು. ಅವ್ವ ಒಪ್ಪಲಿಲ್ಲ. “ಅವ್ಳ ಕಾಲ್ನಾಗೆ ಅಂತ ಅಂದ್ಬುಟ್ಟಿವ್ನಿ ಕಣಪ್ಪ, ನಿಮ್ಮ ಕಾಲ್ನಾಗೆ ಅಂದಿಲ್ಲ” ಅನ್ನುತ್ತಿದ್ದಳು. ಆಮೇಲೆ ಒಳಗೆ ಹೋಗಿ, ಎಂಥ ಮಾತು ಬಾಯಿಂದ ಬಂದುಬಿಟ್ಟಿತು ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು. ನನಗೋ ಆ ಹರಕೆಯ ಮೇಲೇ ಸಿಟ್ಟು. ಅವ್ವನ ಮೇಲೂ, ಬೆಟ್ಟದಮ್ಮನ ಮೇಲೂ.

ನಾನು ಟೀಚರಾಗಿ, ನಾಲ್ಕಾರು ಊರು ಸುತ್ತಿ, ನಮ್ಮೂರಿನ ಶಾಲೆಗೇ ವರ್ಗವಾಗಿ ಬಂದ ವರ್ಷ. ಬೆಟ್ಟದಮ್ಮನ ಆರತಿಯ ದಿನ ಹೆಂಗಸರೆಲ್ಲ ತಂಬಿಟ್ಟಿನ ಆರತಿ ಹೊತ್ತು ಬೆಟ್ಟ ಹತ್ತುತ್ತಾರೆ. ನಾನು ಎಂದಿನ ಹಾಗೆ ಬುಡದಲ್ಲಿ ಊರಿನವರ ಚಪ್ಪಲಿ ಕಾಯುತ್ತ ಕುಳಿತಿದ್ದೆ. ವಾಚರಣ್ಣ ಹತ್ತುವವರಿಂದ ಬೀಡಿ, ಬೆಂಕಿಪೊಟ್ಟಣ ವಸೂಲು ಮಾಡುತ್ತಿದ್ದರು. ಕಾಡಿಗೆ ಕಿಡಿ ಬೀಳಬಾರದಲ್ಲ. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಂಡು, ಇಳಿದು ಬಂದಾಗ ಯಾರದೋ ಯಾರಿಗೋ ಹೋಗದ ಹಾಗೆ ವಾಪಸು ಕೊಡುತ್ತಿದ್ದರು. ಮರೆತು ಹೋದವರ ಪೊಟ್ಟಣಗಳು ಅವರ ಮನೆ ಸೇರುತ್ತಿದ್ದವು. ಮದುವೆಯಾದಾಗಿನಿಂದ ತಾನು ಒಂದು ಬೆಂಕಿಪೊಟ್ಟಣ ಕೊಂಡಿಲ್ಲ ಎಂದು ಅವರ ಹೆಂಡತಿ ಹೇಳಿಕೊಂಡು ನಗುತ್ತಿದ್ದರು.

ಹತ್ತುವವರೆಲ್ಲ ಹೋದ ಮೇಲೆ ವಾಚರಣ್ಣ ನನ್ನ ಹತ್ತಿರ ಬಂದು ನಿಂತು, “ನೀನ್ಯಾಕವ್ವ ಬೆಟ್ಟ ಅತ್ತಲ್ಲ?” ಅಂದರು.

ಯಾರೂ ನನ್ನನ್ನು ಆ ಪ್ರಶ್ನೆ ಕೇಳಿದವರಿಲ್ಲ. ಮೈಯೆಲ್ಲ ಉರಿದುಹೋಯಿತು. “ಕಣ್ಣು ಕಾಣಲ್ವಾ ವಾಚರಣ್ಣ?” ಅಂದೆ.

“ಕಾಣ್ತದೆ. ಕಾಲೂ ಕಾಣ್ತದೆ, ಕಬ್ಬಿಣಾನೂ ಕಾಣ್ತದೆ. ಅದ್ಕೇ ಕೇಳ್ದೆ. ದಿನಾ ಎಸ್ಟು ದೂರ ನಡೀತೀಯ?”

“ಮನೆಯಿಂದ ಶಾಲೆಗೆ. ಮತ್ತೆ ವಾಪಸು.”

“ಅದೇನು ಕಮ್ಮಿಯೇ? ಅಂಗಾದ್ರೆ ಬೆಟ್ಟಾನೂ ಅತ್ತಬೈದು. ನಿನ್ನ ಕಾಲ್ದಲ್ಲ ಕಣವ್ವ ತಪ್ಪು, ದಾರೀದು. ಈ ದಾರಿ ಮಾಡ್ದೋರು ವಯಸ್ಸಿನ ಹೈಕಳು. ನೆಟ್ಟಗೆ ಮ್ಯಾಕೆ ನುಗ್ಗವ್ರೆ. ಗಬ್ಬದ ಹಸ ಅಂಗೆ ಹೋಗ್ತದಾ?”

ಗಬ್ಬದ ಹಸುವಿಗೂ ನನಗೂ ಏನು ಸಂಬಂಧ ಎಂದು ಇನ್ನೂ ಕೆರಳಿದೆ. ಅವರು ನನ್ನ ಸಿಟ್ಟನ್ನು ಗಮನಿಸಲೇ ಇಲ್ಲ. ಕೆಳಗೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸತೊಡಗಿದರು. ಆಡು ನೇರ ಹತ್ತುತ್ತದೆ. ಹೋರಿ ಸ್ವಲ್ಪ ಓರೆಗೆ ಹತ್ತುತ್ತದೆ. ಹೊಟ್ಟೆಯಲ್ಲಿ ಕರು ಇಟ್ಟುಕೊಂಡ ಹಸು ಮಾತ್ರ ಬೆಟ್ಟವನ್ನು ಅಡ್ಡಡ್ಡಕ್ಕೆ ಸವರಿಕೊಂಡು ಹೋಗುತ್ತದೆ, ಬಂಡೆ ಸಿಕ್ಕರೆ ಸುತ್ತುತ್ತದೆ, ನೆರಳು ಸಿಕ್ಕರೆ ನಿಲ್ಲುತ್ತದೆ. ಹೊತ್ತಾಗುತ್ತದೆ, ಆದರೆ ಆಡು ಮುಟ್ಟಿದ ಕಡೆಗೇ ಅದೂ ಮುಟ್ಟುತ್ತದೆ. ದನ ಕಾಯುವ ಕಾಲದಲ್ಲಿ ಅವುಗಳ ಬಾಲ ಹಿಡಿದು ನಡೆದವರು ಅವರು. ಆ ಜಾಡೆಲ್ಲ ಅವರ ತಲೆಯಲ್ಲಿತ್ತು. “ಲಂಟಾನ ಮುಚ್ಕಂಡದೆ ಅಷ್ಟೆ. ತಗದ್ರೆ ಅಲ್ಲೇ ಸಿಕ್ತದೆ” ಅಂದರು.

ಅವ್ವನ ಹರಕೆಯ ವಿಷಯ ಆಗ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮಾರನೆಯ ದಿನ, ಅವ್ವ ಅವರ ಮನೆಗೇ ಹೋಗಿ ಹೇಳಿದಾಗ. ಹೇಳಿ, ನನ್ನ ಮಂಡಿಯೂ ಹೋಗುತ್ತಾ ಇದೆ, ಬೇಗ ಮಾಡಪ್ಪ ಎಂದು ಕೇಳಿಕೊಂಡಳಂತೆ. ಅಲ್ಲಿಂದ ಮುಂದೆ ಅವರಿಗೆ ಬೇರೆ ಧ್ಯಾನವೇ ಇರಲಿಲ್ಲ.

ಸರ್ಕಾರಿ ಕಾಡಿನಲ್ಲಿ ತನಗೆ ತೋಚಿದ ಹಾಗೆ ದಾರಿ ಮಾಡುವಂತಿಲ್ಲ. ಆದರೆ ಬೇಸಿಗೆಗೆ ಮುಂಚೆ ಪ್ರತಿ ವರ್ಷ ಬೆಂಕಿರೇಖೆ ತೆಗೆಯಲೇಬೇಕು. ಅಂದರೆ, ಬೆಂಕಿ ಬಿದ್ದರೆ ಆಚೆಗೆ ಹಬ್ಬದಿರಲಿ ಎಂದು ಉದ್ದಕ್ಕೂ ಹುಲ್ಲು, ಪೊದೆ ಸವರಿ ನೆಲವನ್ನು ಬೋಳು ಮಾಡುವುದು. ವಾಚರಣ್ಣ ಆ ವರ್ಷ ಬೆಂಕಿರೇಖೆಯನ್ನು ಗಬ್ಬದ ಹಸುವಿನ ಜಾಡಿನಲ್ಲೇ ತೆಗೆದರು. ನೋಡಲು ಬಂದ ರೇಂಜರು ಸೊಂಟದ ಮೇಲೆ ಕೈಯಿಟ್ಟು, “ಇದೇನಯ್ಯ, ಫೈರ್ ಲೈನು ಹಿಂಗೆ ಡೊಂಕು ಡೊಂಕಾಗಿ ಹೋಗಿದೆ?” ಎಂದು ಕೇಳಿದರಂತೆ.

“ಬೆಂಕೀಗೂ ವಸಿ ಸುಸ್ತಾಗ್ಲಿ ಬುಡಿ ಸಾ” ಎಂದರಂತೆ ಇವರು.

ರೇಂಜರು ಒಳ್ಳೆಯವರು. ನಕ್ಕು, ವಿಷಯ ಕೇಳಿ ತಿಳಿದು, ಒಂದೂ ಮರ ಕಡಿಯಬಾರದು ಎಂದು ಷರತ್ತು ಹಾಕಿ, ಕಾಲುದಾರಿಗೆ ಒಪ್ಪಿಗೆ ಕೊಟ್ಟು ಹೋದರು.

ಇನ್ನು ದಾರಿಯನ್ನು ಹದ ಮಾಡುವ ಕೆಲಸ. ವಾಚರಣ್ಣನ ಹತ್ತಿರ ಟೇಪೂ ಇರಲಿಲ್ಲ, ಯಾವ ಅಳತೆಯ ಸಾಮಾನೂ ಇರಲಿಲ್ಲ. ಅವರು ದಾರಿಯನ್ನು ಅಳೆದದ್ದು ಮಾತಿನಿಂದ. ನಡೆಯುವವರು ಮಾತಾಡಿಕೊಂಡೇ ನಡೆಯಬೇಕು. ಎಲ್ಲಿ ಮಾತು ಕಡಿಯಿತೋ ಅಲ್ಲಿಗೆ ಉಸಿರು ಮುಗಿಯಿತು. ಅಲ್ಲೊಂದು ಕೂರುವ ಕಲ್ಲು ಬೀಳಬೇಕು. ಇದು ಅವರ ಲೆಕ್ಕಾಚಾರ. ಊರಿನಲ್ಲಿ ಉಬ್ಬಸದ ಅಜ್ಜನೊಬ್ಬ ಇದ್ದ. ಅವನನ್ನು ಕರೆದುಕೊಂಡು ಹೋಗಿ, ಅಣ್ಣತಮ್ಮಂದಿರ ಜಮೀನು ಜಗಳ ಹೇಳು ಅನ್ನುವರು. ಅಜ್ಜನಿಗೆ ಅದಕ್ಕಿಂತ ಪ್ರಿಯವಾದ ವಿಷಯ ಬೇರೆ ಇಲ್ಲ. ಹೇಳುತ್ತ ಹೇಳುತ್ತ ಅಜ್ಜ ಎಲ್ಲಿ ತಡವರಿಸಿದನೋ ಅಲ್ಲಿ ವಾಚರಣ್ಣ ಸುಣ್ಣದ ಗುರುತು ಹಾಕುವರು. ಪಕ್ಕದೂರಿನ ಹಾರ್ಮೋನಿಯಂ ಮೇಷ್ಟ್ರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಕೈಗೆ ಕೋಲು ಕೊಟ್ಟು ಮುಂದೆ ಬಿಟ್ಟು, ಕೋಲು ಎಲ್ಲೆಲ್ಲಿ ದಿಕ್ಕು ತಪ್ಪಿತೋ ಅಲ್ಲೆಲ್ಲ ದಾರಿಯ ಎಡ ಅಂಚಿಗೆ ಕಲ್ಲು ಹೂಳಿದರು. ಕೋಲು ಆ ಕಲ್ಲುಗಳನ್ನು ತಟ್ಟುತ್ತ ಹೋದರೆ ಸಾಕು, ಯಾರ ಕೈಯನ್ನೂ ಹಿಡಿಯಬೇಕಿಲ್ಲ.

ನನಗೆ ಮಗ್ಗಿ ಹೇಳಿಸಿದರು. ಟೀಚರಲ್ಲವೇ! ಎರಡರಿಂದ ಶುರು ಮಾಡಿಸಿ, ನನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ಬರಿಗಾಲಲ್ಲಿ ಬರುವರು. ಮೊದಲ ದಿನ ಆರರ ಮಗ್ಗಿಗೇ ನಿಂತೆ. ಅವರು ಆ ತಿರುವನ್ನು ಅಗೆದು ಇನ್ನಷ್ಟು ಮಲಗಿಸಿದರು. ಇನ್ನೊಂದು ಭಾನುವಾರ ಹತ್ತಕ್ಕೆ ಹೋದೆ. ಒಂದು ದಿನ ಹದಿಮೂರೇಳಲಿ ತೊಂಬತ್ತೊಂದು ಎನ್ನುವಾಗ ಉಸಿರು ನಿಂತಿತು. ಅಲ್ಲಿ ಹಾಕಿದ ಚಪ್ಪಡಿಗೆ ಇವತ್ತಿಗೂ ಊರಿನವರು ತೊಂಬತ್ತೊಂದರ ಕಲ್ಲು ಅಂತಲೇ ಅನ್ನುತ್ತಾರೆ. ಯಾಕೆ ಅಂತ ಅರ್ಧ ಊರಿಗೆ ಗೊತ್ತಿಲ್ಲ.

ಒಂದು ಮಾತು ಹೇಳಬೇಕು. ಆ ಭಾನುವಾರಗಳಲ್ಲಿ ಒಂದು ಸಲವೂ ಅವರು ನನಗೆ ಕೈ ನೀಡಲಿಲ್ಲ. ಶಭಾಷ್ ಅನ್ನಲಿಲ್ಲ, ಪಾಪ ಅನ್ನಲಿಲ್ಲ. ನಾನು ನಿಂತರೆ ಅವರೂ ನಿಂತು ಮರ ನೋಡುವರು, ಲದ್ದಿ ನೋಡುವರು, ನವಿಲಿನ ಪುಕ್ಕ ಹೆಕ್ಕಿ ಕಿವಿ ಕೆರೆದುಕೊಳ್ಳುವರು. ನಾನು ಹೊರಟರೆ ಹೊರಡುವರು. ಕಾಲು ಸೋತಾಗಿನಿಂದ ನನ್ನ ಜೊತೆ ನಡೆದವರೆಲ್ಲ ಒಂದೋ ನನ್ನನ್ನು ಹಿಂದೆ ಬಿಟ್ಟು ಹೋಗಿದ್ದರು, ಇಲ್ಲ ನನಗೋಸ್ಕರ ತಾವು ನಿಧಾನ ಮಾಡುತ್ತಿದ್ದೇವೆ ಎಂದು ತೋರಿಸಿಕೊಂಡಿದ್ದರು. ಇವರು ಎರಡೂ ಮಾಡಲಿಲ್ಲ. ಎಂಥ ಸುಖ ಅದು ಎಂದು ಕಾಲು ಚೆನ್ನಾಗಿರುವವರಿಗೆ ಹೇಳಿ ತಿಳಿಸುವುದು ಕಷ್ಟ.

ಮುಂದಿನ ವರ್ಷದ ಆರತಿಗೆ ದಾರಿ ಸಿದ್ಧವಾಯಿತು. ಅವ್ವ, ನಾನು, ಇಬ್ಬರು ಸೋದರಮಾವಂದಿರು, ವಾಚರಣ್ಣ. ಬೆಳಕು ಹರಿಯುವಾಗ ಹೊರಟೆವು. ಅವ್ವ ಮಡಿಲಕ್ಕಿಯ ಗಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು, ತನ್ನ ಮಂಡಿನೋವನ್ನು ಯಾರಿಗೂ ಹೇಳದೆ, ನನ್ನ ಬೆನ್ನ ಹಿಂದೆಯೇ ಬಂದಳು. ಬೇರೆ ಹೆಂಗಸರು ಹಳೆಯ ದಾರಿಯಲ್ಲಿ ಹತ್ತಿ, ಪೂಜೆ ಮುಗಿಸಿ, ಇಳಿದೂ ಹೋದರು. ನಾವು ಗುಡಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವ್ವ ಗರ್ಭಗುಡಿಯ ಮುಂದೆ ಮಡಿಲಕ್ಕಿ ಸುರಿದು, “ತಕ್ಕೊ ತಾಯಿ. ತಡ ಆಯ್ತು. ಆದ್ರೆ ಅವ್ಳ ಕಾಲ್ನಾಗೇ ಬಂದವ್ಳೆ” ಎಂದು ಹೇಳಿ ಕಂಬಕ್ಕೆ ಒರಗಿದಳು. ನಾನು ಹೊರಗೆ ಬಂಡೆಯ ಮೇಲೆ ನಿಂತು ಹಿನ್ನೀರು ನೋಡಿದೆ. ಊರಿನವರು ಹೇಳಿದಷ್ಟೇನೂ ಇರಲಿಲ್ಲ, ಮಧ್ಯಾಹ್ನದ ಮಂಜುಮಂಜು ಬೆಳಕಿನಲ್ಲಿ ದೂರದಲ್ಲೊಂದು ಬಿಳಿ ಪಟ್ಟಿ. ಆದರೂ ಅತ್ತೆ. ಮೂವತ್ತೈದು ದಾಟಿದ ಟೀಚರು ಮೂಗು ಒರೆಸಿಕೊಳ್ಳುತ್ತ ಅತ್ತೆ.

ಆಮೇಲೆ ಇಳಿಯಬೇಕಲ್ಲ.

ಮೊದಲನೇ ತಿರುವಿನಲ್ಲೇ ಗೊತ್ತಾಯಿತು. ಹತ್ತುವಾಗ ಮೈಭಾರ ಮುಂದಕ್ಕೆ, ಕೋಲು ಮುಂದಕ್ಕೆ. ಇಳಿಯುವಾಗ ಮಡಚದ ಕಬ್ಬಿಣದ ಕಾಲು ಮುಂದೆ ಹೋಗಿ, ಹಿಮ್ಮಡಿ ಜಾರುಗಲ್ಲಿನ ಮೇಲೆ ಊರಿ, ಇಡೀ ಮೈ ಪಾತಾಳಕ್ಕೆ ಹೊರಟ ಹಾಗಾಗುತ್ತದೆ. ಭಾನುವಾರಗಳಲ್ಲಿ ನಾವು ಅರ್ಧ ದಾರಿಯಷ್ಟೇ ಹತ್ತುತ್ತಿದ್ದೆವು. ಕೆಳಗಿನ ಆ ಭಾಗ ಮೆತ್ತಗಿತ್ತು, ಹೇಗೋ ಇಳಿದು ಬರುತ್ತಿದ್ದೆ. ಮೇಲಿನ ಅರ್ಧದಲ್ಲಿ ಇಳಿಯುವುದನ್ನು ಅವರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಹರಕೆ ಹೊತ್ತವರು ಹತ್ತುವುದನ್ನೇ ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಎರಡು ಸಲ ಬಿದ್ದೆ. ಮೂರನೇ ಸಲ ಏಳಲಿಲ್ಲ. ಕೂತುಕೊಂಡೇ ಸ್ವಲ್ಪ ದೂರ ಜಾರಿದೆ, ಸೀರೆ ಹರಿಯಿತು, ಅಂಗೈ ಕಿತ್ತುಹೋಯಿತು.

ಮಾವ ಮುಂದೆ ಬಂದು, “ಬಾ ಮಗಾ, ಎತ್ಕಂಡು ಹೋಗ್ತೀವಿ” ಅಂದ.

ನಾನು ಅವ್ವನ ಮುಖ ನೋಡಿದೆ. ಹರಕೆ ಕೆಟ್ಟುಹೋಗುವುದೇನೋ ಎಂದು. ಅವ್ವ ಒಂದು ಕ್ಷಣವೂ ತಡಮಾಡದೆ ದೊಡ್ಡ ಲಾಯರಿನ ಹಾಗೆ ವಾದ ಹೂಡಿದಳು: “ನಡ್ಸ್ಕಂಡು ಬತ್ತೀನಿ ಅಂದಿದ್ದೆ, ನಡ್ಸ್ಕಂಡು ಹೋಗ್ತೀನಿ ಅಂದಿರ್ನಿಲ್ಲ. ಅಮ್ಮಂಗೆ ಎಲ್ಲಾ ಗೊತ್ತದೆ. ಎತ್ಕಳ್ರಪ್ಪ.”

ಎತ್ತಿಕೊಂಡದ್ದು ಮಾವಂದಿರಲ್ಲ. ವಾಚರಣ್ಣ ಯಾರನ್ನೂ ಕೇಳದೆ ನನ್ನ ಮುಂದೆ ಬೆನ್ನು ಕೊಟ್ಟು ಕೂತರು. ಬೆನ್ನ ಮೇಲೆ ಹೊತ್ತು ಬುಡದವರೆಗೂ ಇಳಿಸಿದರು. ದಾರಿಯುದ್ದಕ್ಕೂ ಅವರ ಬಾಯಲ್ಲಿ ಒಂದೇ ಮಾತು: “ತಪ್ಪಾಯ್ತು ಕಣವ್ವ. ಅರ್ಧ ದಾರಿ ಮಾಡ್ಬುಟ್ಟು ಪೂರ್ತಿ ಅನ್ಕಂಡ್ಬುಟ್ಟೆ.” ಅವಮಾನದಲ್ಲಿ ನನಗೆ ಆ ದಿನ ಒಂದು ಸಮಾಧಾನದ ಮಾತು ಹೇಳಲು ಆಗಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಅವ್ವನ ಮಾತು ಸಂದಿತ್ತು, ಅವ್ವ ಸಂತೋಷವಾಗಿದ್ದಳು. ನನ್ನದು ಸಂದಿರಲಿಲ್ಲ. ನನಗೆ ನನ್ನ ಕಾಲಿನಲ್ಲೇ ಮನೆಗೆ ಬರಬೇಕಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ವಾಚರಣ್ಣನಿಗೆ ಹೇಳಬೇಕಾಗಿಯೂ ಇರಲಿಲ್ಲ.

ಮೂರು ದಿನವಾದ ಮೇಲೆ ಅವರ ಹೆಂಡತಿ ನಮ್ಮ ಮನೆ ಬಾಗಿಲಿಗೆ ಬಂದರು. ನಾನು ಅವರನ್ನು ಅತ್ತಿಗೆ ಅನ್ನುತ್ತಿದ್ದೆ. ಬಾಯಿ ಜೋರು, ಊರಿಗೇ ಹೆದರಿಕೆ. “ಬಾರವ್ವ, ನಿಮ್ಮಣ್ಣನ ಕುಣ್ತ ನೋಡುವೆಯಂತೆ. ಊರಿಗೆ ಒಂದು ಕುಂಟು ಸಾಲ್ದು ಅಂತ ತಾನೂ ಕುಂಟಾಕ ಹೊಂಟವ್ನೆ” ಅಂದರು. ಬೇರೆ ಯಾರಾದರೂ ಆ ಮಾತು ಆಡಿದ್ದರೆ ನಾನು ಕೋಲು ಬೀಸುತ್ತಿದ್ದೆ. ಅತ್ತಿಗೆಯ ಬಾಯಲ್ಲಿ ಕೇಳಿ ನಗು ಬಂತು.

ಬೆಟ್ಟದ ಬುಡಕ್ಕೆ ಹೋಗಿ ನೋಡಿದರೆ ವಾಚರಣ್ಣ ಬಲಗಾಲಿಗೆ ಹಿಂದೊಂದು ಮುಂದೊಂದು ಬಿದಿರಿನ ದಬ್ಬೆ ಇಟ್ಟು, ಟವಲಿನಿಂದ ಬಿಗಿದು ಕಟ್ಟಿ, ಮಂಡಿ ಮಡಚದ ಹಾಗೆ ಮಾಡಿಕೊಂಡು, ಕೈಯಲ್ಲಿ ಕೋಲು ಹಿಡಿದು ಬೆಟ್ಟ ಇಳಿಯುತ್ತಿದ್ದರು. ಮೊಣಕೈ ಎರಡೂ ತರಚಿತ್ತು. ನನ್ನನ್ನು ಕಂಡವರೇ ಗುಟ್ಟು ರಟ್ಟಾದವರ ಹಾಗೆ ನಿಂತರು. ಆಮೇಲೆ ಕೇಳಿದರು: “ನಿನ್ನ ಕೋಲು ಎಡಗೈಯಾಗೆ ಅಲ್ವಾ ಇರಾದು? ಅಂಗಾದ್ರೆ ಇಳಿಯಾಗ ಬಲಗೈ ಬಿಡುವಾಗೇ ಅದೆ. ಅದ್ಕೊಂದು ಇಡ್ಕಳಾಕೆ ಬೇಕು. ಅಲ್ವಾ?”

ಅವತ್ತಿನಿಂದ ಇನ್ನೊಂದು ವರ್ಷ. ಇಳಿಯುವುದಕ್ಕೆಂದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಬೇರೆ ದಾರಿ. ಹತ್ತುವ ದಾರಿಗಿಂತ ಎರಡು ಪಟ್ಟು ಉದ್ದ, ಅಷ್ಟೇ ಮೆತ್ತಗೆ. ಜಾರುಗಲ್ಲೆಲ್ಲ ಗುಡಿಸಿ, ಕೆರೆಯ ಗೋಡುಮಣ್ಣು ತಂದು ಹೊಡೆದು, ಕಡಿದಾದ ಕಡೆ ಬಲಗೈಗೆ ಸಿಗುವ ಹಾಗೆ ನೀಲಗಿರಿಯ ಗಳ ಕಟ್ಟಿದರು. ಅದರ ಎತ್ತರ ನನ್ನ ಸೊಂಟಕ್ಕೆ ಸರಿಯಾಗಿದೆ. ಬೇರೆಯವರಿಗೆ ಸ್ವಲ್ಪ ಕುಳ್ಳ ಅನ್ನಿಸಬಹುದು.

ಮುಂದಿನ ಆರತಿಗೆ ಅವ್ವನ ಮಂಡಿ ಊದಿಕೊಂಡು ಅವಳಿಗೆ ಹತ್ತಲಾಗಲಿಲ್ಲ. ಇಳಿಯುವ ದಾರಿಯ ಬುಡದಲ್ಲಿ ಕೂತಳು. ನಾನು ಹತ್ತಿದೆ, ಇಳಿದೆ. ಬಿಸಿಲು ತಗ್ಗುವ ಹೊತ್ತಿಗೆ ಕೊನೆಯ ತಿರುವಿನಲ್ಲಿ ನನ್ನನ್ನು ಕಂಡ ಅವ್ವ ಎದ್ದು ನಿಂತವಳು ನಾನು ಹತ್ತಿರ ಬರುವವರೆಗೂ ಕೂರಲಿಲ್ಲ. ಮುಂದೆ ಎರಡೇ ವರ್ಷ ಅವಳು ಬದುಕಿದ್ದದ್ದು. ಆ ಎರಡು ವರ್ಷ ಬಂದವರಿಗೆಲ್ಲ ಹೇಳಿಕೊಂಡದ್ದು ಹರಕೆ ಸಂದ ದಿನದ ಕಥೆಯನ್ನಲ್ಲ, ಈ ದಿನದ ಕಥೆಯನ್ನು.

ದಾರಿಗೆ ಬೋರ್ಡು ಬೇಕೆಂದು ರೇಂಜರು ಹೇಳಿ ಕಳಿಸಿದಾಗ, ಶಾಲೆಯ ಬಣ್ಣದಲ್ಲಿ ನಾನೇ ಬರೆದೆ. ‘ಸುಲಭ ದಾರಿ’ ಎಂದು ಬರೆದಿದ್ದೆ. ವಾಚರಣ್ಣನಿಗೆ ಓದು ಬಾರದು. ಏನು ಬರೆದೆ ಎಂದು ಕೇಳಿದರು. ಹೇಳಿದೆ. ಮುಖ ಸಪ್ಪಗಾಯಿತು. “ನೀನು ಅತ್ತಿದ್ದು ಸುಲಭವೇನವ್ವ? ಆ ಉಬ್ಬಸದಜ್ಜ ಅತ್ತಿದ್ದು ಸುಲಭವಾ? ಅಂಗೆ ಬರೀಬ್ಯಾಡ. ನಿಧಾನದ ದಾರಿ ಅಂತ ಬರಿ, ಸಾಕು.” ಅಳಿಸಿ ಬರೆದೆ. ಮೂವತ್ತು ಮಕ್ಕಳ ತಪ್ಪು ತಿದ್ದುವವಳನ್ನು ತಿದ್ದಿದವರು ಅವರು.

ಅವರೇನು ದೇವತಾಮನುಷ್ಯರಾಗಿರಲಿಲ್ಲ. ಹೇಳಿದ್ದನ್ನೇ ಹತ್ತು ಸಲ ಹೇಳುವರು. ಹಟ ಹಿಡಿದರೆ ಮುಗಿಯಿತು. ತಿರುವು ಬಳಸದೆ ನಡುವೆ ಅಡ್ಡ ಹಾರಿ ಇಳಿಯುವ ಹುಡುಗರನ್ನು ಕಂಡರೆ ಸೀಟಿ ಊದಿ ಊದಿ ಬೆಟ್ಟವನ್ನೇ ಎಬ್ಬಿಸುವರು. ಅಡ್ಡ ಹಾರಿದ ಕಡೆ ಮಳೆನೀರು ಹರಿದು ದಾರಿ ಕೊರೆದುಹೋಗುತ್ತದೆ. “ಲೇ, ಮ್ಯಾಕೋಗಿ ಸುತ್ಕಂಡ್ ಬನ್ರಲಾ!” ಎಂದು ಅಷ್ಟು ದೂರ ಇಳಿದವರನ್ನು ಮತ್ತೆ ಹತ್ತಿಸುವರು. ಮೈಸೂರಿನಿಂದ ಬಂದ ದೊಡ್ಡ ಮನುಷ್ಯರೊಬ್ಬರನ್ನೂ ಹಾಗೇ ಹತ್ತಿಸಿ ಬೈಸಿಕೊಂಡಿದ್ದರು. ರಿಟೈರಾದ ಮೇಲೂ ಸೀಟಿ ವಾಪಸು ಕೊಡಲಿಲ್ಲ.

ನನಗೆ ನಾಗಮಂಗಲದ ಕಡೆಗೆ ವರ್ಗವಾಗಿ ಈಗ ಎಷ್ಟೋ ವರ್ಷವಾಯಿತು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ವಾಚರಣ್ಣ ದನಕ್ಕೆ ಹುಲ್ಲು ಹಾಕುತ್ತಿದ್ದವರು ಅಲ್ಲೇ ಕುಸಿದರಂತೆ, ಆಸ್ಪತ್ರೆಯವರೆಗೂ ಹೋಗಲಿಲ್ಲವಂತೆ. ಎರಡು ಬಸ್ಸು ಬದಲಾಯಿಸಿ, ಕೊನೆಗೊಂದು ಆಟೋ ಹಿಡಿದು ಊರು ಸೇರುವಷ್ಟರಲ್ಲಿ ಮಣ್ಣಿಗೆ ಹೊರಟುಬಿಟ್ಟಿದ್ದರು.

ಅವರದೇ ಹೊಲದಲ್ಲಿ ಗುಂಡಿ ತೆಗೆದಿದ್ದರು. ಹೊಲ ಇರುವುದು ಗದ್ದೆ ಬಯಲಿನ ಆಚೆ. ನಾಲೆಯಲ್ಲಿ ನೀರು ಬಿಟ್ಟಿದ್ದರು. ನಾಟಿಗೆಂದು ಗದ್ದೆಗಳೆಲ್ಲ ಕೆಸರಾಗಿ ನಿಂತಿದ್ದವು. ನಡುವೆ ಒಂದು ಅಡಿ ಅಗಲದ ಬದು, ಅದೂ ಮಳೆಗೆ ನೆನೆದು ಜಾರುತ್ತಿತ್ತು. ಚಟ್ಟ ಹೊತ್ತವರು ಗದ್ದೆಗೇ ಇಳಿದು, ಮಂಡಿಯವರೆಗೆ ಕೆಸರು ಮಾಡಿಕೊಂಡು ದಾಟಿಹೋಗಿದ್ದರು. ನಾನು ನಾಲೆ ಏರಿಯ ಮೇಲೆ ಆಟೋ ಪಕ್ಕದಲ್ಲಿ ನಿಂತೆ. ಇಲ್ಲಿಂದಲೇ ಕೈ ಮುಗಿಯುವುದು ಎಂದುಕೊಂಡೆ. ಮುಗಿದೂ ಮುಗಿದೆ. ಸಂಕಟವಾಗುತ್ತಿತ್ತು, ಆದರೆ ಇಂಥ ಸಂಕಟ ನನಗೆ ಹೊಸದಲ್ಲ.

ಅಷ್ಟು ದೂರದಿಂದ ಅತ್ತಿಗೆಯ ದನಿ ಕೇಳಿಸಿತು. ಅಳುವಿನ ದನಿಯಲ್ಲ, ಜಗಳದ ದನಿ.

“ಟೀಚ್ರವ್ವ ಎಲ್ಲವ್ಳೆ?”

“ಏರಿ ಮ್ಯಾಲವ್ಳೆ ಕಣಕ್ಕ. ಅವ್ಳಿಗೆ ಇಲ್ಲಿಗಂಟ ಬರಾಕಾಯ್ತದಾ?” ಎಂದು ಯಾರೋ ಹೇಳಿದರು.

“ಯಾಕಾಗಲ್ಲ? ಇಳಿಸ್ಬ್ಯಾಡ್ರಿ. ಅವ್ಳು ಬರ್ಲಿ.”

“ಮ್ವಾಡ ಕವೀತಾ ಅದೆ ಅಕ್ಕ, ಹೊತ್ತಾಯ್ತದೆ.”

“ಹೊತ್ತಾಗ್ಲಿ ಬುಡು. ಅವ್ರಿಗೇನವಸ್ರ ಈಗ?”

ವಾಚರಣ್ಣನ ಮಗ ಟ್ರಾಕ್ಟರು ಓಡಿಸುವವನು. ತಲೆಯ ಮೇಲಿನ ಒದ್ದೆ ಟವಲನ್ನು ಸೊಂಟಕ್ಕೆ ಬಿಗಿದು ಸನಿಕೆ ಹಿಡಿದ. ಗುಂಡಿ ತೆಗೆದವರೂ ಸೇರಿಕೊಂಡರು. ಬದುವಿನ ಎರಡೂ ಕಡೆ ಮಣ್ಣು ಎತ್ತಿ ಹಾಕಿ ಅಗಲ ಮಾಡುತ್ತ ಬಂದರು. ಹೆಂಗಸರು ಮೆದೆಯಿಂದ ಹುಲ್ಲು ಹಿರಿದು ತಂದು, ಅದರ ಮೇಲೆ ಹಾಸುತ್ತ ಬಂದರು. ಯಾರೋ ಒಬ್ಬ ಹುಡುಗ ಓಡಿ ಬಂದು, “ಎತ್ಕಂಡೋಗ್ಬುಡ್ತೀನಿ ಬನ್ನಿ ಟೀಚರೇ” ಎಂದು ಕೈ ಚಾಚಿದ. ಆಚೆಯಿಂದ ಅತ್ತಿಗೆ, “ಮುಟ್ಬ್ಯಾಡ ಕಣ್ಲಾ ಅವ್ಳ! ನಡ್ಕಂಡು ಬತ್ತಾಳೆ” ಎಂದು ಕೂಗಿದರು.

ನಡೆದೆ. ಕೋಲು ಎರಡು ಕಡೆ ಹೂತುಕೊಂಡಿತು, ನಿಂತು ಕಿತ್ತುಕೊಂಡೆ. ಕಾಲಿನ ಕಬ್ಬಿಣಕ್ಕೆ ಹುಲ್ಲು ಸುತ್ತಿಕೊಂಡಿತು, ನಿಂತು ಬಿಡಿಸಿಕೊಂಡೆ. ಮಳೆ ಸಣ್ಣಗೆ ಹನಿಯತೊಡಗಿತು. ಆಚೆ ಅಷ್ಟೂ ಜನ ನೆನೆಯುತ್ತ ನಿಂತಿದ್ದರು. ಯಾರೂ ಬೇಗ ಬಾ ಅನ್ನಲಿಲ್ಲ, ನಿಧಾನ ಬಾ ಅಂತಲೂ ಅನ್ನಲಿಲ್ಲ. ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನಾನು ಹೋಗಿ ಮುಟ್ಟುವವರೆಗೂ ಅವರನ್ನು ಮಣ್ಣಿಗಿಳಿಸಲಿಲ್ಲ.